ಎರಡು ‘ಟುಸ್’ಗಳ ನಡುವಿನ ಮೌನ: ಬಂಕಿನ ಗಾಳಿ ಯಂತ್ರ ಒತ್ತಡವನ್ನು ಹಿಡಿಯುವ ಬಗೆ

(ವಾಹನ ಚಾಲಕರು ಮತ್ತು ಬಂಕ್ ಸಿಬ್ಬಂದಿಯ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘವನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿವೆ.)

“ಎಷ್ಟು ಹೊಡೀಲಿ ಸರ್?”

“ಮುಂದೆ 33, ಹಿಂದೆ 33.”

ಬಂಕಿನ ಹುಡುಗ ಪೆಟ್ಟಿಗೆಯ ಗುಂಡಿ ಒತ್ತಿ 33 ಇಡುತ್ತಾನೆ, ಪೈಪಿನ ಮೂತಿಯನ್ನು ವಾಲ್ವಿಗೆ ಸಿಕ್ಕಿಸುತ್ತಾನೆ. ಟುಸ್. ಒಂದು ಕ್ಷಣ ಮೌನ. ಟುಸ್ಸ್ಸ್. ಮತ್ತೆ ಮೌನ. ಸಣ್ಣದೊಂದು ಟುಸ್. ಆಮೇಲೆ ಬೀಪ್, ಬೀಪ್, ಬೀಪ್. ಮೂತಿ ಕಿತ್ತು ಮುಂದಿನ ಚಕ್ರಕ್ಕೆ ಹೋಗುತ್ತಾನೆ.

ನಮ್ಮ ಕಿವಿ ‘ಟುಸ್’ ಕಡೆಗಿರುತ್ತದೆ, ಏಕೆಂದರೆ ಗಾಳಿ ಹೋಗುವುದು ಆಗ. ಆದರೆ ಯಂತ್ರ ಕೆಲಸ ಕಲಿಯುವುದು ನಡುವಿನ ಮೌನದಲ್ಲಿ. ಯಂತ್ರಕ್ಕೆ ಟೈರು ಕಾಣುವುದಿಲ್ಲ. ಅದಕ್ಕೆ ತಿಳಿಯುವುದು ಪೈಪಿನ ತನ್ನ ಕಡೆಯ ತುದಿಯಲ್ಲಿರುವ ಒತ್ತಡ ಮಾತ್ರ. ಅದು ಟೈರಿನ ಒತ್ತಡಕ್ಕೆ ಸಮನಾಗುವುದು ಪೈಪಿನಲ್ಲಿ ಗಾಳಿ ಹರಿಯದೆ ನಿಂತಾಗ. ಈ ಒಂದು ಸಂಗತಿಯನ್ನು ಹಿಡಿದುಕೊಂಡರೆ ಯಂತ್ರದ ಜಾಣತನವೂ ಅರ್ಥವಾಗುತ್ತದೆ, ಅದು ಎಡವುವ ಜಾಗಗಳೂ ಗೊತ್ತಾಗುತ್ತವೆ.

ಮೊದಲು ಅಳತೆಯ ಮಾತು ಮುಗಿಸೋಣ. ಬಂಕಿನಲ್ಲಿ ಹೇಳುವ 33 ಎಂದರೆ 33 ಪಿಎಸ್‌ಐ, ಅಂದರೆ ಒಂದು ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕ. ಒತ್ತಡದ ಇನ್ನೊಂದು ಅಳತೆ ಬಾರ್. 1 ಬಾರ್ ಎಂದರೆ 14.5 ಪಿಎಸ್‌ಐ. ಹಳೆಯ ಗೇಜುಗಳಲ್ಲಿ ‘ಕೆ.ಜಿ.’ ಎಂದು ಓದುವುದು ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋ, ಅದು 14.2 ಪಿಎಸ್‌ಐ. ಇವೆಲ್ಲ ಸುತ್ತಲಿನ ಹವೆಯ ಒತ್ತಡಕ್ಕಿಂತ ಟೈರಿನೊಳಗೆ ಎಷ್ಟು ಹೆಚ್ಚಿದೆ ಎಂಬ ಲೆಕ್ಕ. ಗೇಜು ಸೊನ್ನೆ ತೋರಿಸಿದಾಗಲೂ ಒಳಗೆ ಹವೆ ಇದ್ದೇ ಇರುತ್ತದೆ. ಸಮುದ್ರಮಟ್ಟದಲ್ಲಿ ಅದು 14.7 ಪಿಎಸ್‌ಐ. ಗೇಜಿನ 33 ಎಂದರೆ ಒಟ್ಟು 47.7. ಈ ‘ಒಟ್ಟು’ ಲೆಕ್ಕ ಮುಂದೆ ಎರಡು ಮೂರು ಕಡೆ ಬೇಕಾಗುತ್ತದೆ, ನೆನಪಿರಲಿ.

ಈಗ ಗಾಳಿಯ ದಾರಿ ಹಿಡಿದು ಹೋಗೋಣ. ಬಂಕಿನ ಹಿಂಬದಿಯ ಕಂಪ್ರೆಸರ್ ಟ್ಯಾಂಕಿಗೆ ಗಾಳಿ ತುಂಬುತ್ತದೆ. ಟ್ಯಾಂಕಿನ ಮೇಲಿನ ಪ್ರೆಷರ್ ಸ್ವಿಚ್, ಉದಾಹರಣೆಗೆ, ಒತ್ತಡ 7 ಬಾರಿಗೆ ಇಳಿದರೆ ಮೋಟರನ್ನು ಚಾಲೂ ಮಾಡುತ್ತದೆ, 9.5ಕ್ಕೆ ಏರಿದರೆ ನಿಲ್ಲಿಸುತ್ತದೆ. ಸ್ವಿಚ್ ಕೈಕೊಟ್ಟರೆ ಕಾಪಾಡಲು ಸೇಫ್ಟಿ ವಾಲ್ವ್ ಇದೆ. ಅಲ್ಲಿಂದ ಪೈಪ್‌ಲೈನ್, ನೀರು ಮತ್ತು ತುಕ್ಕು ಹಿಡಿಯುವ ಫಿಲ್ಟರ್, ಆಮೇಲೆ ನಮ್ಮ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಮುಖ್ಯವಾಗಿ ನಾಲ್ಕೇ ಸಾಮಾನು: ಗಾಳಿ ಒಳಬಿಡುವ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್), ಗಾಳಿ ಹೊರಬಿಡುವ ಇನ್ನೊಂದು ಸೊಲೆನಾಯ್ಡ್ ವಾಲ್ವ್, ಒತ್ತಡದ ಸೆನ್ಸರ್, ಮತ್ತು ಇವನ್ನು ಆಡಿಸುವ ಪುಟ್ಟ ಕಂಪ್ಯೂಟರ್, ಅಂದರೆ ಮೈಕ್ರೋಕಂಟ್ರೋಲರ್. ಎರಡು ವಾಲ್ವು, ಒಂದು ಸೆನ್ಸರ್ ಮೂರೂ ಒಂದೇ ಕೋಣೆಗೆ ತೆರೆದುಕೊಳ್ಳುತ್ತವೆ. ಆ ಕೋಣೆಯಿಂದಲೇ ಹೊರಗಿನ ಪೈಪ್ ಹೊರಡುತ್ತದೆ.

ಸೆನ್ಸರ್ ಎಂದರೆ ಉಗುರಿಗಿಂತ ಚಿಕ್ಕ ಸಿಲಿಕಾನ್ ತುಣುಕು. ಅದರ ನಡುಭಾಗವನ್ನು ತೆಳ್ಳಗೆ ಪೊರೆಯಂತೆ ಮಾಡಿರುತ್ತಾರೆ. ಗಾಳಿ ಒತ್ತಿದಾಗ ಪೊರೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದರ ಮೇಲೆ ಕೂರಿಸಿದ ನಾಲ್ಕು ರೋಧಕಗಳ ಬೆಲೆ ಬದಲಾಗುತ್ತದೆ. ನಾಲ್ಕನ್ನೂ ವೀಟ್‌ಸ್ಟನ್ ಸೇತುವೆ ಎಂಬ, ರೋಧಕಗಳ ಸಣ್ಣ ಬದಲಾವಣೆಯನ್ನೂ ವೋಲ್ಟೇಜಾಗಿ ತೋರಿಸುವ ಬಗೆಯಲ್ಲಿ ಜೋಡಿಸಿರುವುದರಿಂದ ಕೆಲವು ಮಿಲಿವೋಲ್ಟ್‌ಗಳ ವ್ಯತ್ಯಾಸ ಹೊರಬರುತ್ತದೆ. ಅದನ್ನು ಹಿಗ್ಗಿಸಿ ಅಂಕಿಯಾಗಿ ಬದಲಾಯಿಸುತ್ತಾರೆ. 10 ಬಾರ್ ಅಳೆಯುವ ಸೆನ್ಸರಿನ ಸಂಕೇತವನ್ನು 12 ಬಿಟ್‌ನಲ್ಲಿ, ಅಂದರೆ 4096 ಮೆಟ್ಟಿಲುಗಳಲ್ಲಿ ಓದಿದರೆ ಒಂದು ಮೆಟ್ಟಿಲು ಸುಮಾರು 0.035 ಪಿಎಸ್‌ಐ. ಇಷ್ಟು ಸಣ್ಣ ಮೆಟ್ಟಿಲು ಇರುವುದರಿಂದ ತೆರೆಯ ಮೇಲೆ ‘33.0’ ಎಂದು ದಶಮಾಂಶ ಸಮೇತ ಮೂಡುತ್ತದೆ. ಆ ದಶಮಾಂಶ ನೋಡಿ ಮರುಳಾಗಬೇಡಿ. ಮೆಟ್ಟಿಲು ಚಿಕ್ಕದಿದ್ದ ಮಾತ್ರಕ್ಕೆ ಏಣಿಯೇ ಸರಿಯಾದ ಜಾಗದಲ್ಲಿ ನಿಂತಿದೆ ಎಂದೇನೂ ಅಲ್ಲ.

ಟೈರಿನ ಕಡೆ ಇರುವುದು ಶ್ರೇಡರ್ ವಾಲ್ವ್. ಅಮೆರಿಕದಲ್ಲಿ 1893ರಲ್ಲಿ ಪೇಟೆಂಟ್ ಆದದ್ದು, ಇವತ್ತಿಗೂ ಬೈಕು, ಕಾರು, ಲಾರಿಗೆಲ್ಲ ಅದೇ. ಒಳಗೊಂದು ಸ್ಪ್ರಿಂಗು, ಒಂದು ಪಿನ್ನು, ಒಂದು ರಬ್ಬರ್ ಸೀಲು. ಮೂತಿ ಸಿಕ್ಕಿಸಿದಾಗ ಅದರೊಳಗಿನ ಮೊಳೆ ಪಿನ್ನನ್ನು ಒತ್ತುತ್ತದೆ, ದಾರಿ ತೆರೆಯುತ್ತದೆ. ಈ ದಾರಿ ಬಹಳ ಇಕ್ಕಟ್ಟು. ಗಾಳಿ ಹರಿಯುತ್ತಿರುವಾಗ ಒತ್ತಡದ ದೊಡ್ಡ ಪಾಲು ಇಲ್ಲೇ ಇಳಿದುಹೋಗುತ್ತದೆ. ಪೈಪಿನಲ್ಲಿ 80 ಪಿಎಸ್‌ಐ ಇದ್ದರೂ ಟೈರಿನಲ್ಲಿ ಇನ್ನೂ 25 ಇರಬಹುದು. ಗಾಳಿ ಬಿಡುತ್ತಲೇ ಅಳೆಯಲು ಹೋದರೆ ಯಂತ್ರ 80 ಎಂದು ಓದಿ, ‘ಆಯಿತು’ ಎಂದು ನಿಲ್ಲಿಸಿಬಿಡುತ್ತದೆ. ಅದಕ್ಕೇ ಬಿಡು, ನಿಲ್ಲು, ಅಳೆ, ಮತ್ತೆ ಬಿಡು ಎಂಬ ಕ್ರಮ. ನಿಂತಾಗ ಪೈಪಿನ ಒತ್ತಡವೂ ಟೈರಿನ ಒತ್ತಡವೂ ಒಂದಾಗಲು ಅರ್ಧ ಸೆಕೆಂಡೋ ಒಂದು ಸೆಕೆಂಡೋ ಬೇಕು. ಮೌನದ ಗುಟ್ಟು ಇಷ್ಟೇ.

ಕಳೆದ ಶತಮಾನದ ನಡುವಿನಲ್ಲಿ ಅಮೆರಿಕದ ಬಂಕುಗಳಲ್ಲಿ ಹಿಡಿ ತಿರುಗಿಸಿ ಒತ್ತಡ ನಿಗದಿ ಮಾಡುವ ಯಂತ್ರಗಳಿದ್ದವು. ಒಳಗೆ ಸ್ಪ್ರಿಂಗೂ ಒತ್ತಡಕ್ಕೆ ಬಾಗುವ ಪೊರೆಯೂ (ಡಯಾಫ್ರಮ್) ಬಿಟ್ಟರೆ ಎಲೆಕ್ಟ್ರಾನಿಕ್ಸ್ ಎಂಬುದೇ ಇಲ್ಲ. ಗಾಳಿ ಬಿಟ್ಟು ಬಿಟ್ಟು ಹೋಗುವಾಗ ಗಂಟೆ ‘ಟಿಂಗ್, ಟಿಂಗ್’ ಎನ್ನುತ್ತಿತ್ತು, ಹೊಂದಿಸಿದ ಒತ್ತಡಕ್ಕೆ ಬಂದರೆ ಸುಮ್ಮನಾಗುತ್ತಿತ್ತು. ಈಗಿನ ಪೆಟ್ಟಿಗೆ ಮುಗಿದಾಗ ಕೂಗುತ್ತದೆ. ಅದು ಮುಗಿದಾಗ ಬಾಯಿ ಮುಚ್ಚುತ್ತಿತ್ತು.

ಇನ್ನು ಒಂದು ಟೈರನ್ನು ನಿಧಾನವಾಗಿ ತುಂಬಿ ನೋಡೋಣ. ಮಧ್ಯಮ ಗಾತ್ರದ ಕಾರಿನ ಟೈರು, ಒಳಗಿನ ಜಾಗ 28 ಲೀಟರ್ ಎಂದಿಟ್ಟುಕೊಳ್ಳಿ. ಒತ್ತಡ 24ಕ್ಕೆ ಇಳಿದಿದೆ, ಬೇಕಾದ್ದು 33. ಮೂತಿ ಸಿಕ್ಕಿಸಿದ ಕೂಡಲೇ ಪೈಪಿನ ಒತ್ತಡ ಸೊನ್ನೆಯಿಂದ ಜಿಗಿಯುತ್ತದೆ. ಆ ಜಿಗಿತವೇ ಯಂತ್ರಕ್ಕೆ ‘ಟೈರು ಬಂತು’ ಎಂಬ ಸುದ್ದಿ. ಅದು 24 ಎಂದು ಓದುತ್ತದೆ. ಮೊದಲು ಪರೀಕ್ಷೆಗೆಂದು 1 ಸೆಕೆಂಡ್ ಗಾಳಿ ಬಿಟ್ಟು ನಿಲ್ಲಿಸಿ ನೋಡುತ್ತದೆ: 25.5. ಅಂದರೆ ಈ ಟೈರಿನಲ್ಲಿ ಸೆಕೆಂಡಿಗೆ 1.5 ಏರುತ್ತದೆ. ಇನ್ನು ಬೇಕಾದದ್ದು 7.5, ಲೆಕ್ಕಕ್ಕೆ 5 ಸೆಕೆಂಡ್. ಪೂರ್ತಿ ಬಿಟ್ಟರೆ ಗುರಿ ದಾಟೀತೆಂದು 4.5 ಸೆಕೆಂಡ್ ಬಿಡುತ್ತದೆ. ಮತ್ತೆ ಮೌನ, ಓದು: 32.2. ಉಳಿದ 0.8ಕ್ಕೆ ಅರ್ಧ ಸೆಕೆಂಡು. ಓದು: 33. ಬೀಪ್. ಸ್ಕೂಟರ್ ಟೈರಿಗೂ ಟ್ರ್ಯಾಕ್ಟರ್ ಟೈರಿಗೂ ಒಂದೇ ಯಂತ್ರ ಸಾಕಾಗುವುದು ಆ ಮೊದಲ ಪರೀಕ್ಷೆಯ ‘ಟುಸ್’ನಿಂದ. ಟೈರಿನ ಗಾತ್ರವನ್ನು ಯಾರೂ ಅದಕ್ಕೆ ಹೇಳಬೇಕಿಲ್ಲ.

ಈ ಸರಳ ಲೆಕ್ಕ ಕಾರಿನಲ್ಲಿ ಅಷ್ಟು ಸಲೀಸಾಗಿ ಕೂಡಿಬರಲು ಕಾರಣವಿದೆ. ಇಕ್ಕಟ್ಟಾದ ದಾರಿಯಲ್ಲಿ ಗಾಳಿಯ ವೇಗಕ್ಕೆ ಒಂದು ಮಿತಿ ಇದೆ, ಅದು ಶಬ್ದದ ವೇಗ. ಆಚೆಯ ಒಟ್ಟು ಒತ್ತಡ ಈಚೆಯದರ ಶೇ. 53ಕ್ಕಿಂತ ಕಡಿಮೆ ಇರುವವರೆಗೆ ಹರಿವು ಆ ಮಿತಿಯಲ್ಲೇ ಇರುತ್ತದೆ. ಟೈರು 25 ಇದ್ದರೂ 32 ಇದ್ದರೂ ಸೆಕೆಂಡಿಗೆ ಹೋಗುವ ಗಾಳಿ ಅಷ್ಟೇ. ಹಾಗಾಗಿ ಏರಿಕೆ ಗೆರೆ ಎಳೆದ ಹಾಗೆ ನೇರ. ಲಾರಿಯ ಕತೆ ಬೇರೆ. ಲೈನಿನಲ್ಲಿ ಒಟ್ಟು 10 ಬಾರ್, ಟೈರಿನಲ್ಲಿ ಆಗಲೇ ಒಟ್ಟು 8 ಬಾರ್ ಇದ್ದರೆ ನೂಕುವ ಬಲ ಕುಗ್ಗಿ, ಗುರಿ ಹತ್ತಿರ ಬಂದಷ್ಟೂ ಏರಿಕೆ ಸಣ್ಣದಾಗುತ್ತದೆ. ಯಂತ್ರ ಮತ್ತೆ ಮತ್ತೆ ನಿಂತು ಲೆಕ್ಕ ತಿದ್ದಿಕೊಳ್ಳಬೇಕು. ಲಾರಿಗೆ ಹೊಡೆಸುವಾಗ ‘ಟುಸ್’ಗಳು ಹೆಚ್ಚಾಗುವುದು ಇದರಿಂದ. ಯಂತ್ರ ಕೆಟ್ಟಿದೆ ಅಂದುಕೊಳ್ಳಬೇಡಿ.

ಪ್ರಮಾಣವನ್ನೂ ಹೇಳಿಬಿಡುತ್ತೇನೆ. 28 ಲೀಟರಿನ ಕಾರ್ ಟೈರಿಗೆ 5 ಪಿಎಸ್‌ಐ ಸೇರಿಸಲು ಬೇಕಾದ ಹೊರಗಿನ ಹವೆ ಸುಮಾರು ಒಂಬತ್ತೂವರೆ ಲೀಟರ್. ಅದೇ 120 ಲೀಟರಿನ ಲಾರಿ ಟೈರನ್ನು ಸೊನ್ನೆಯಿಂದ 110ಕ್ಕೆ ತುಂಬಲು ಸುಮಾರು 900 ಲೀಟರ್. ನಿಮಿಷಕ್ಕೆ 500 ಲೀಟರ್ ಕೊಡುವ ಕಂಪ್ರೆಸರ್ ಒಂದೇ ಟೈರಿಗೆ ಹತ್ತಿರ ಹತ್ತಿರ ಎರಡು ನಿಮಿಷ ದುಡಿಯಬೇಕು. ಸಾಲಾಗಿ ಎರಡು ಲಾರಿ ನಿಂತರೆ ಟ್ಯಾಂಕ್ ಸೊರಗುತ್ತದೆ. ಪ್ರೆಷರ್ ಸ್ವಿಚ್ 7 ಬಾರಿಗೆ ಚಾಲೂ ಆಗುವಂತಿದ್ದರೆ ಆ ಹೊತ್ತಿಗೆ ಲೈನಿನಲ್ಲಿರುವುದು 101 ಪಿಎಸ್‌ಐ. ಯಂತ್ರದಲ್ಲಿ 110 ಇಟ್ಟರೆ, ಕಂಪ್ರೆಸರ್ ಲೈನಿನ ಒತ್ತಡವನ್ನು ಮತ್ತೆ ಏರಿಸುವವರೆಗೆ ಅದು ಮುಟ್ಟುವುದಿಲ್ಲ. ಒಳ್ಳೆಯ ಯಂತ್ರವಾದರೆ ‘ಲೈನ್ ಒತ್ತಡ ಸಾಲದು’ ಎಂಬ ದೋಷದ ಅಂಕಿ ತೋರಿಸಿ ಕೈಬಿಡುತ್ತದೆ. ಗುರಿಗಿಂತ ಲೈನಿನಲ್ಲಿ 1.5ರಿಂದ 2 ಬಾರ್ ಹೆಚ್ಚಿರಬೇಕು ಎಂಬುದು ಕೆಲಸಕ್ಕೆ ಬರುವ ಲೆಕ್ಕ.

ಪೂರ್ತಿ ಪಂಚರ್ ಆದ ಟೈರಿನಲ್ಲಿ ಮೂತಿ ಸಿಕ್ಕಿಸಿದರೂ ಒತ್ತಡ ಜಿಗಿಯುವುದಿಲ್ಲ. ಯಂತ್ರದ ಪಾಲಿಗೆ ಟೈರು ಬಂದೇ ಇಲ್ಲ. ಅದಕ್ಕಾಗಿ ಖಾಲಿ ಟೈರಿಗೆಂದೇ ಒಂದು ಗುಂಡಿ ಇರುತ್ತದೆ. ಒತ್ತಿದರೆ ಕಣ್ಣುಮುಚ್ಚಿ ಕೆಲವು ಸೆಕೆಂಡ್ ಗಾಳಿ ಬಿಟ್ಟು, ಆಮೇಲೆ ಮಾಮೂಲಿ ಕ್ರಮಕ್ಕೆ ಬರುತ್ತದೆ. ಮೂತಿ ನೆಲದ ಮೇಲೆ ಬಿದ್ದಿರುವಾಗ ಈ ಗುಂಡಿ ಒತ್ತಿದರೆ ಪೈಪು ಹಾವಿನಂತೆ ಹೊರಳಾಡುತ್ತದೆ. ಹತ್ತಿರ ಮಕ್ಕಳಿದ್ದರೆ ಮುಖಕ್ಕೆ ಬಡಿಯುವ ಅಪಾಯ.

ಒತ್ತಡ ಹೆಚ್ಚಿದ್ದರೆ ಎರಡನೆಯ ವಾಲ್ವ್ ತೆರೆದು ಗಾಳಿ ಬಿಡುತ್ತದೆ, ಕ್ರಮ ಅದೇ. ಇಲ್ಲೊಂದು ಸೂಕ್ಷ್ಮ. 33 ಎಂದರೆ 33.00 ಆಗಲೇಬೇಕೆಂದು ಹಟ ಹಿಡಿದರೆ ಯಂತ್ರ ಒಂದಿಷ್ಟು ತುಂಬಿ, ಒಂದಿಷ್ಟು ಬಿಟ್ಟು, ಮತ್ತೆ ತುಂಬಿ ತೂಗುಯ್ಯಾಲೆ ಆಡುತ್ತಲೇ ಇರುತ್ತದೆ. ಅದಕ್ಕೆ ಅರ್ಧ ಪಿಎಸ್‌ಐನಷ್ಟು ಆಚೆಈಚೆಯನ್ನು ‘ಸರಿ’ ಎಂದು ಒಪ್ಪಿಕೊಳ್ಳುವಂತೆ ಬರೆದಿರುತ್ತಾರೆ.

ಈಗ ಎಡವುವ ಜಾಗಗಳಿಗೆ ಬರೋಣ. ಅರ್ಧಕ್ಕಿಂತ ಹೆಚ್ಚು ಎಡವಟ್ಟು ಪೈಪಿನ ಕೊನೆಯ ನಾಲ್ಕು ಇಂಚಿನಲ್ಲಿ ಎಂಬುದು ನನ್ನ ಅಂದಾಜು.

ಮೂತಿ ವಾಲ್ವಿನ ಮೇಲೆ ಕೂತಿದೆ, ಆದರೆ ಮೊಳೆ ಪಿನ್ನನ್ನು ಪೂರ್ತಿ ಒತ್ತಿಲ್ಲ ಎಂದುಕೊಳ್ಳಿ. ಪಿನ್ನು ಸವೆದಿರಬಹುದು, ಹಬ್‌ಕ್ಯಾಪ್ ಅಡ್ಡ ಬಂದು ಮೂತಿ ಓರೆಯಾಗಿರಬಹುದು. ಗಾಳಿ ಬಿಟ್ಟ ಕ್ಷಣ ಪೈಪಷ್ಟೇ ತುಂಬುತ್ತದೆ, ಟೈರಿಗೆ ದಾರಿ ಹೆಚ್ಚೂಕಡಿಮೆ ಇಲ್ಲ. 10 ಮೀಟರ್ ಉದ್ದದ, 8 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ ಹಿಡಿಯುವುದು ಅರ್ಧ ಲೀಟರ್. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿ ಗುರಿ ದಾಟುತ್ತದೆ. ಯಂತ್ರ ಹೆಚ್ಚಿನದನ್ನು ಹೊರಬಿಟ್ಟು, 33 ಎಂದು ಓದಿ ಬೀಪ್ ಎನ್ನುತ್ತದೆ. ಟೈರು ಮೊದಲಿದ್ದ 24ರಲ್ಲೇ ಇದೆ. ಕುಗ್ಗಿದ ಟೈರಿಗೆ ಸಿಕ್ಕಿಸಿದ ಒಂದೆರಡು ಸೆಕೆಂಡಿನಲ್ಲೇ ಬೀಪ್ ಬಂದರೆ ಅದನ್ನು ನಂಬಬೇಡಿ. ಮೂತಿ ತೆಗೆದು ಮತ್ತೆ ನೇರವಾಗಿ ಕೂರಿಸಲು ಹೇಳಿ.

ಇದರ ತಿರುಗುಮುರುಗು ತೊಂದರೆ ಮೂತಿಯಲ್ಲಿ ಸೋರಿಕೆ. ಒಳಗಿನ ರಬ್ಬರ್ ವಾಷರ್ ಸವೆದು ‘ಸೊಂಯ್’ ಎನ್ನುತ್ತಿದ್ದರೆ ‘ಮೌನ’ದಲ್ಲೂ ಟೈರಿನಿಂದ ಗಾಳಿ ಹೊರಗೆ ಹರಿಯುತ್ತಿರುತ್ತದೆ. ಹರಿವಿದ್ದಲ್ಲಿ ವಾಲ್ವಿನ ಇಕ್ಕಟ್ಟಿನಲ್ಲಿ ಒತ್ತಡ ಇಳಿಯುತ್ತದೆ, ಪೈಪಿನಲ್ಲಿ ಕಾಣುವುದು ಟೈರಿನದಕ್ಕಿಂತ ಕಡಿಮೆ. ಯಂತ್ರ ಇನ್ನೂ ಸಾಲದು ಎಂದುಕೊಂಡು ತುಂಬುತ್ತಾ ಹೋಗುತ್ತದೆ. ಸೋರುವ ಮೂತಿಯಿಂದ ಗಾಳಿ ಕಡಿಮೆ ಹೋಗುತ್ತದೆ ಎಂದು ನಾವು ಭಾವಿಸುತ್ತೇವೆ. ಆಗುವುದು ತದ್ವಿರುದ್ಧ, ಟೈರು ಹೆಚ್ಚೇ ತುಂಬಿರುತ್ತದೆ. ವಾಷರ್ ಕೆಲವೇ ರೂಪಾಯಿಯದು. ಬಂಕಿನವರು ಹತ್ತಾರು ವಾಷರ್ ತಂದಿಟ್ಟುಕೊಂಡರೆ ಯಂತ್ರದ ಮೇಲಿನ ಅರ್ಧ ದೂರು ಇಲ್ಲವಾಗುತ್ತದೆ.

ಮೂತಿ ಬದಲಿಸುವಾಗ ಇನ್ನೊಂದು ತಪ್ಪಾಗುತ್ತದೆ. ಅಂಗಡಿಯಲ್ಲಿ ಎರಡು ಬಗೆಯ ಮೂತಿ ಸಿಗುತ್ತವೆ. ಒಂದು ತೆರೆದದ್ದು, ಸಿಕ್ಕಿಸದಿದ್ದಾಗ ಪೈಪಿನ ಗಾಳಿ ಹೊರಹೋಗುತ್ತದೆ. ಇನ್ನೊಂದರ ಒಳಗೆ ತಡೆಯುವ ವಾಲ್ವಿದೆ, ಟೈರಿನಿಂದ ಕಿತ್ತ ಕೂಡಲೇ ಮುಚ್ಚಿಕೊಳ್ಳುತ್ತದೆ. ಕೈಯಲ್ಲಿ ಹೊಡೆಯುವ ಗಾಳಿ ಲೈನಿಗೆ ಎರಡನೆಯದು ಬೇಕು. ಸ್ವಯಂಚಾಲಿತ ಯಂತ್ರಕ್ಕೆ ಸಾಮಾನ್ಯವಾಗಿ ತೆರೆದದ್ದು. ಮುಚ್ಚುವ ಮೂತಿ ಹಾಕಿದರೆ ಹಿಂದಿನ ಟೈರಿನ ಒತ್ತಡ ಪೈಪಿನಲ್ಲೇ ಸಿಕ್ಕಿಕೊಂಡು, ಹೊಸ ಟೈರು ಬಂದದ್ದೇ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ತೆರೆದ ಮೂತಿಗೂ ಒಂದು ಬೆಲೆ ತೆರಬೇಕು, ಅದನ್ನು ದ್ವಿಚಕ್ರ ವಾಹನದವರು ಗಮನಿಸಬೇಕು. ಖಾಲಿ ಪೈಪನ್ನು ಸಿಕ್ಕಿಸಿದಾಗ ಆ ಅರ್ಧ ಲೀಟರ್ ಜಾಗವನ್ನು ಮೊದಲು ತುಂಬುವುದು ಟೈರಿನದೇ ಗಾಳಿ. ಸ್ಕೂಟರಿನ ಟೈರು ಸುಮಾರು 5 ಲೀಟರ್. ಅದರಲ್ಲಿ 29 ಇದ್ದರೆ, ಸಿಕ್ಕಿಸಿದ ಮೇಲೆ ತೆರೆಯಲ್ಲಿ ಕಾಣುವುದು 26.4. “ನಿನ್ನೆ ತಾನೇ ಹೊಡೆಸಿದ್ದೆ, ಇಷ್ಟು ಇಳಿದುಬಿಟ್ಟಿತೇ” ಎಂದು ಗಾಬರಿಯಾಗುವುದು ಬೇಡ. ಯಂತ್ರ ಮತ್ತೆ 29ಕ್ಕೆ ತಂದೇ ಬಿಡುತ್ತದೆ. ಆದರೆ ತುಂಬುವ ಮೊದಲೇ ಕಿತ್ತರೆ ಎರಡೂವರೆ ಪಿಎಸ್‌ಐ ನಷ್ಟ ನಿಮ್ಮದೇ. ಕಾರಿನ ಟೈರಿನಲ್ಲಿ ಇದೇ ನಷ್ಟ ಅರ್ಧ ಪಿಎಸ್‌ಐ ಮಾತ್ರ. ಪೈಪು ಉದ್ದವಾದಷ್ಟೂ ಇದು ಹೆಚ್ಚು. ಬಂಕಿನ ಅಂಗಳ ದೊಡ್ಡದೆಂದು 10 ಮೀಟರ್ ಪೈಪನ್ನು 20 ಮೀಟರ್ ಮಾಡಿದರೆ ಒತ್ತಡ ಒಂದಾಗುವ ಸಮಯವೂ ಬೆಳೆಯುತ್ತದೆ, ಯಂತ್ರ ಕಾಯುವ ಸಮಯ ಮಾತ್ರ ಹಳೆಯದೇ ಇರುತ್ತದೆ.

ಇನ್ನು ನೀರು. ಇದು ಕರಾವಳಿ ಮತ್ತು ಮಲೆನಾಡಿನ ಬಂಕುಗಳ ನಿತ್ಯದ ಗೋಳು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಹವೆ ಹೆಚ್ಚೆಂದರೆ 30 ಗ್ರಾಂ ನೀರಾವಿ ಹಿಡಿಯುತ್ತದೆ. ಮಳೆಗಾಲದಲ್ಲಿ ಆರ್ದ್ರತೆ ಶೇ. 80 ಇದ್ದರೆ 24 ಗ್ರಾಂ ಇರುತ್ತದೆ. ಆ ಹವೆಯನ್ನು ಹತ್ತನೆಯ ಒಂದು ಪಾಲು ಜಾಗಕ್ಕೆ ಅದುಮಿ, ಅದು ತಣಿದು ಮತ್ತೆ 30 ಡಿಗ್ರಿಗೆ ಬಂದಾಗ ಹಿಡಿಯಬಲ್ಲದ್ದು 3 ಗ್ರಾಂ. ಉಳಿದ 21 ಗ್ರಾಂ ನೀರಾಗಿ ಇಳಿಯುತ್ತದೆ. ಹಿಂದೆ ಹೇಳಿದ ಕಂಪ್ರೆಸರ್ ದಿನಕ್ಕೆ ಒಟ್ಟು ಒಂದು ಗಂಟೆ ಓಡಿದರೆ 30 ಘನ ಮೀಟರ್. ಲೆಕ್ಕ ಹಾಕಿ: ಅರ್ಧ ಲೀಟರಿಗೂ ಮಿಕ್ಕಿ ನೀರು, ಒಂದೇ ದಿನಕ್ಕೆ. ಟ್ಯಾಂಕಿನ ತಳದ ಡ್ರೈನ್ ಕಾಕ್ ತಿರುಗಿಸುವುದು ಮರೆತರೆ ಇದು ತುಕ್ಕಿನ ಕೆಂಪು ರಾಡಿಯಾಗಿ ಲೈನಿಗೆ ಹೊರಡುತ್ತದೆ. ಸೊಲೆನಾಯ್ಡ್ ವಾಲ್ವಿನ ಸೀಟಿನ ಮೇಲೆ ಒಂದು ಕಣ ಕೂತರೂ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಒಳಬಿಡುವ ವಾಲ್ವಾದರೆ ಮೌನದ ಹೊತ್ತಿನಲ್ಲೂ ಅಂಕಿ ತಾನೇ ಮೆಲ್ಲಗೆ ಏರುತ್ತದೆ, ಹೊರಬಿಡುವುದಾದರೆ ಇಳಿಯುತ್ತದೆ. ತೆರೆಯನ್ನು ಸುಮ್ಮನೆ ಹತ್ತು ಸೆಕೆಂಡ್ ದಿಟ್ಟಿಸಿ ನೋಡಿದರೆ ಸಾಕು, ಯಾವ ವಾಲ್ವ್ ಎಂದು ಗೊತ್ತಾಗುತ್ತದೆ. ವಾಲ್ವ್ ಬಿಚ್ಚಿ ಸೀಟು ಒರೆಸಿದರೆ ಹಲವು ಸಲ ಅಲ್ಲಿಗೆ ಮುಗಿಯುತ್ತದೆ. ಆದರೆ ಮೊದಲು ಲೈನಿನ ಬಾಲ್ ವಾಲ್ವ್ ಮುಚ್ಚಿ, ಉಳಿದ ಗಾಳಿ ಬಿಟ್ಟು, ಕರೆಂಟ್ ತೆಗೆದಿರಬೇಕು.

ಕರೆಂಟಿನ ಮಾತು ಬಂತು. ಹಲವು ಯಂತ್ರಗಳು ಚಾಲೂ ಆದಾಗ ಪೈಪಿನ ಗಾಳಿ ಹೊರಹೋಗಿದೆ ಎಂದು ನಂಬಿ, ಆಗ ಸೆನ್ಸರ್ ಕೊಡುವ ಅಂಕಿಯನ್ನೇ ಸೊನ್ನೆ ಎಂದು ಇಟ್ಟುಕೊಳ್ಳುತ್ತವೆ. ಬಿಸಿಲು ಚಳಿಗೆ ಸೆನ್ಸರಿನ ಸೊನ್ನೆ ಜರುಗುವುದರಿಂದ ಈ ಏರ್ಪಾಡು. ಟೈರಿಗೆ ಸಿಕ್ಕಿಸಿರುವಾಗಲೇ ಕರೆಂಟ್ ಹೋಗಿ ಬಂತು ಎನ್ನಿ. ಪೈಪಿನಲ್ಲಿ 20 ಇದೆ, ಯಂತ್ರ ಅದನ್ನೇ ಸೊನ್ನೆ ಎಂದುಕೊಂಡರೆ 33 ಇಟ್ಟಾಗ ಟೈರಿಗೆ ಹೋಗುವುದು 53. ಇಷ್ಟು ದೊಡ್ಡ ‘ಸೊನ್ನೆ’ ಅಸಾಧ್ಯವೆಂದು ಅರಿತು ನಿರಾಕರಿಸುವ ಯಂತ್ರಗಳಿವೆ, ಎಲ್ಲವೂ ಹಾಗಿಲ್ಲ. ಕರೆಂಟ್ ಹೋದರೆ ಮೊದಲು ಮೂತಿ ಕೀಳಿ. ಬಂದ ಮೇಲೆ ತೆರೆಯಲ್ಲಿ ಸೊನ್ನೆ ನೋಡಿ, ಆಮೇಲೆ ಸಿಕ್ಕಿಸಿ.

ತಾಳೆ ನೋಡುವುದು ಕಷ್ಟವೇನಲ್ಲ. ಪೈಪಿನ ಕೊನೆಗೆ ಟೀ (T) ಆಕಾರದ ಜೋಡಣೆ ಹಾಕಿ, ಒಂದು ಕಡೆ ಪ್ರಮಾಣಪತ್ರವಿರುವ ಗೇಜು, ಇನ್ನೊಂದು ಕಡೆ ಸಣ್ಣ ಗಾಳಿ ಟ್ಯಾಂಕ್ ಇಡಿ. ಒತ್ತಡವನ್ನು 30, 60, 100ಕ್ಕೆ ಏರಿಸಬೇಕು, ಟ್ಯಾಂಕ್ ಅಷ್ಟು ತಡೆಯುವಂಥದ್ದಿರಲಿ, ಕಾರ್ ಟೈರು ಬೇಡ. ಪ್ರತಿ ಹಂತದಲ್ಲೂ ಗಾಳಿ ನಿಂತು ಅರ್ಧ ನಿಮಿಷವಾದ ಮೇಲೆ ಎರಡೂ ಅಂಕಿ ಬರೆದುಕೊಳ್ಳಿ. ಮೂರು ಕಡೆಯೂ ಒಂದೇ ಅಂತರವಿದ್ದರೆ ಸೊನ್ನೆ ಜರುಗಿದೆ. ಒತ್ತಡ ಏರಿದಂತೆ ಅಂತರವೂ ಬೆಳೆದರೆ ಹಿಗ್ಗಿಸುವ ಲೆಕ್ಕ ತಪ್ಪಿದೆ, ಅದನ್ನು ಯಂತ್ರದ ತಿದ್ದುಪಡಿಯ ಮೆನುವಿನಲ್ಲಿ ಸರಿಮಾಡಬೇಕು. ಮೂರು ಕಡೆ ಮೂರು ಬಗೆ ಬಂದರೆ ಸೆನ್ಸರೇ ಹಾಳಾಗಿದೆ, ತಿದ್ದಲು ಹೋಗಬೇಡಿ. ಆರು ತಿಂಗಳಿಗೊಮ್ಮೆ ಇದನ್ನು ಮಾಡಿದರೆ ಒಳ್ಳೆಯದು.

ಯಂತ್ರದಲ್ಲಿ ತಪ್ಪೇ ಇಲ್ಲದೆ ಟೈರಿಗೆ ಕೆಡುಕಾಗುವ ಸಂದರ್ಭವೂ ಒಂದಿದೆ. ವಾಹನ ತಯಾರಕರು ಬಾಗಿಲ ಪಟ್ಟಿಯಲ್ಲಿ ಬರೆಯುವುದು ತಣ್ಣನೆಯ ಟೈರಿನ ಒತ್ತಡ, ಅಂದರೆ ಮೂರು ಗಂಟೆ ನಿಂತಿದ್ದ ಗಾಡಿಯದು. ಗಾಳಿಯ ಉಷ್ಣತೆ 10 ಡಿಗ್ರಿ ಏರಿದರೆ ಕಾರ್ ಟೈರಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ಓಡಿಸಿ ಬಂದ ಟೈರು 33ರ ಬದಲು 36–37 ತೋರಿಸುವುದು ಸಹಜ. ಯಂತ್ರಕ್ಕೆ ಬಿಸಿ ತಣ್ಣಗೆ ತಿಳಿಯದು. 33 ಇಟ್ಟಿದ್ದೀರಿ, ಅದು ವಿಧೇಯವಾಗಿ ಮೂರ್ನಾಲ್ಕು ಬಿಟ್ಟು 33ಕ್ಕೆ ತರುತ್ತದೆ. ಮಾರನೆಯ ಬೆಳಿಗ್ಗೆ ಆ ಟೈರು 29–30ರಲ್ಲಿ ನಿಂತಿರುತ್ತದೆ. ಕೈಯಲ್ಲಿ ಹೊಡೆಯುತ್ತಿದ್ದ ಕಾಲದಲ್ಲಿ “ಜಾಸ್ತಿ ಇದೆ, ಇರಲಿ ಬಿಡಿ” ಎನ್ನುತ್ತಿದ್ದ ಹುಡುಗ ಈ ವಿಷಯದಲ್ಲಿ ಯಂತ್ರಕ್ಕಿಂತ ಜಾಣ. ಬಿಸಿ ಟೈರಿಗೆ ಹೊಡೆಸಲೇಬೇಕಾದರೆ 3 ಹೆಚ್ಚಿಟ್ಟು ಹೊಡೆಸಿ, ಬೆಳಿಗ್ಗೆ ತಣ್ಣಗಿರುವಾಗ ನೋಡಿಕೊಳ್ಳಿ.

ಲಾರಿಯವರಿಗೆ ಒಂದು ಎಚ್ಚರಿಕೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ನಿಯಮದಲ್ಲಿ ಒಂದು ಗೆರೆ ಇದೆ: ಹೇಳಿದ ಒತ್ತಡದ ಶೇ. 80ಕ್ಕಿಂತ ಹೆಚ್ಚಿದ್ದರೆ ಮಾತ್ರ ಚಕ್ರ ಗಾಡಿಯಲ್ಲೇ ಇರುವಾಗ ಗಾಳಿ ತುಂಬಬಹುದು, ಅದೂ ದೂರದಿಂದ ನಿಯಂತ್ರಿಸುವ ಸಾಧನದಲ್ಲಿ, ಎದುರು ಯಾರೂ ನಿಲ್ಲದಂತೆ. ಶೇ. 80 ಅಥವಾ ಅದಕ್ಕೂ ಕಡಿಮೆ ಒತ್ತಡದಲ್ಲಿ ಓಡಿದ ಟೈರಾದರೆ ಚಕ್ರ ಕಳಚುವ ಮೊದಲೇ ವಾಲ್ವ್ ಪಿನ್ನು ತೆಗೆದು ಪೂರ್ತಿ ಖಾಲಿ ಮಾಡಬೇಕು. 110ರ ಟೈರಿಗೆ ಆ ಗೆರೆ 88. ನಮಗೂ ಇದು ಒಪ್ಪುವ ಮಾತೇ. ಕಡಿಮೆ ಗಾಳಿಯಲ್ಲಿ ಓಡಿದ ಟೈರಿನ ಪಕ್ಕದ ಗೋಡೆಯೊಳಗೆ ಉಕ್ಕಿನ ತಂತಿಗಳು ಮುರಿದಿರಬಹುದು, ಹೊರಗೆ ಕಾಣುವುದಿಲ್ಲ. ಲಾಕ್ ರಿಂಗ್ (ಟೈರನ್ನು ಚಕ್ರದಲ್ಲಿ ಹಿಡಿದಿಡುವ ಉಕ್ಕಿನ ಬಳೆ) ಇರುವ ಚಕ್ರವಾದರೆ ರಿಂಗ್ ಸರಿಯಾಗಿ ಕೂರದೆ ಹಾರಿ ಜೀವ ತೆಗೆಯಬಲ್ಲದು. ಸ್ವಯಂಚಾಲಿತ ಯಂತ್ರದ ನಿಜವಾದ ಲಾಭ ಇಲ್ಲಿದೆ: ಸಿಕ್ಕಿಸಿ ದೂರ ಬರಬಹುದು. ಟೈರಿನ ಪಕ್ಕದ ಮುಖಕ್ಕೆ ಎದುರಾಗಿ ನಿಲ್ಲಬೇಡಿ, ರಸ್ತೆಗೆ ತಾಗಿ ಓಡುವ ಮೈಯ ಕಡೆ ನಿಲ್ಲಿ.

ಮುಂದಿನವು ಸಭೆಯಲ್ಲಿ ಬಂದ ಪ್ರಶ್ನೆಗಳು.

ಎರಡು ಬಂಕಿನಲ್ಲಿ ಎರಡು ಅಂಕಿ ಬಂದರೆ ಯಾವುದನ್ನು ನಂಬಬೇಕು?

ಎರಡೂ ಸರಿಯಿರಬಹುದು. ಟೈರ್ ಗೇಜುಗಳಿಗೆ ಅಂತರರಾಷ್ಟ್ರೀಯ ಕಾನೂನು ಮಾಪನ ಸಂಸ್ಥೆಯ ಆರ್ 23 ಎಂಬ ಶಿಫಾರಸು 4 ಬಾರ್‌ವರೆಗೆ 0.08 ಬಾರ್ ಆಚೀಚೆಯನ್ನು, 4ರಿಂದ 10 ಬಾರ್‌ವರೆಗೆ 0.16 ಬಾರನ್ನು ಒಪ್ಪುತ್ತದೆ. 0.08 ಬಾರ್ ಎಂದರೆ 1.2 ಪಿಎಸ್‌ಐ. ಒಂದು ಯಂತ್ರ ಮೇಲಿನ ಅಂಚಿನಲ್ಲಿ, ಇನ್ನೊಂದು ಕೆಳಗಿನ ಅಂಚಿನಲ್ಲಿದ್ದರೆ ಎರಡಕ್ಕೂ ನಡುವೆ 2.3 ಅಂತರ ಬರುತ್ತದೆ. ಮೂರಕ್ಕಿಂತ ಹೆಚ್ಚು ಬಂದರೆ ಒಂದರಲ್ಲಿ ದೋಷವಿದೆ. ಸ್ವಂತಕ್ಕೊಂದು ಗೇಜು ಇಟ್ಟುಕೊಂಡು ಯಾವಾಗಲೂ ಅದರಲ್ಲೇ ನೋಡುವುದು ಸುಲಭದ ದಾರಿ.

ಬೆಂಗಳೂರಲ್ಲಿ ತುಂಬಿಸಿ ಮಂಗಳೂರಿಗೆ ಇಳಿದರೆ ಕಡಿಮೆ ತೋರಿಸುತ್ತದಲ್ಲ, ಯಾಕೆ?

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ. ಅಲ್ಲಿ ಹೊರಗಿನ ಹವೆಯ ಒತ್ತಡ ಸುಮಾರು 13.2 ಪಿಎಸ್‌ಐ, ಮಂಗಳೂರಲ್ಲಿ 14.7. ಟೈರಿನೊಳಗಿನ ಗಾಳಿ ಅಷ್ಟೇ ಇದೆ, ಹೊರಗಿನದು ಒಂದೂವರೆ ಹೆಚ್ಚಾಯಿತು. ಗೇಜು ವ್ಯತ್ಯಾಸವನ್ನು ಓದುವುದರಿಂದ 33ರ ಬದಲು 31.5 ಕಾಣಬೇಕು. ಘಟ್ಟ ಇಳಿದು ಬಂದ ಬಿಸಿ ಟೈರಿನಲ್ಲಿ ಇದು ಮುಚ್ಚಿಹೋಗುತ್ತದೆ, ಬೆಳಿಗ್ಗೆ ನೋಡಿದರೆ ಗೊತ್ತಾಗುತ್ತದೆ. ವಾರ ಅಲ್ಲೇ ಇರುವುದಾದರೆ ಅಲ್ಲಿನ ಲೆಕ್ಕಕ್ಕೆ ಹೊಡೆಸಿಕೊಳ್ಳಿ.

ನೈಟ್ರೋಜನ್ ಹಾಕಿಸಿದರೆ ಈ ತಾಪತ್ರಯ ಇಲ್ಲವಂತೆ?

ಹವೆಯಲ್ಲೇ ಶೇ. 78 ನೈಟ್ರೋಜನ್. ಬಿಸಿಗೆ ಹಿಗ್ಗುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ನೈಟ್ರೋಜನ್ ಒಣಗಿರುತ್ತದೆ, ಅದು ಲಾಭ; ಡ್ರೈನ್ ಕಾಕ್ ದಿನಾ ತಿರುಗಿಸುವ ಬಂಕಿನ ಗಾಳಿಯಲ್ಲೂ ಆ ಲಾಭದ ಬಹುಪಾಲು ಸಿಗುತ್ತದೆ. ಬಂಕಿನಲ್ಲಿ ಗಾಳಿ ಪುಕ್ಕಟೆ ಸಿಗಬೇಕಾದ ಸೌಲಭ್ಯ ಎಂಬುದನ್ನೂ ಮರೆಯಬೇಡಿ.

ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಹಾಕುವ ಪಂಪ್ ತಾನೇ ನಿಲ್ಲುತ್ತದೆ. ಅದೂ ಹೀಗೇನಾ?

ಬಹುತೇಕ ಅಲ್ಲ. ಅದು ನಿಂತು ಅಳೆಯುವುದಿಲ್ಲ, ಓಡುತ್ತಲೇ ಅಳೆಯುತ್ತದೆ. ಹರಿವು ಸಣ್ಣದಾದ್ದರಿಂದ ಬಂಕಿನಷ್ಟು ದೊಡ್ಡ ತಪ್ಪಾಗುವುದಿಲ್ಲ, ಆದರೂ ಪಂಪಿನ ಬಳಿ 33 ಆದಾಗ ಟೈರಿನಲ್ಲಿ ಸ್ವಲ್ಪ ಕಡಿಮೆಯೇ ಇರುತ್ತದೆ. ಪಂಪ್ ನಿಂತ ಮೇಲೆ ಕೊಳವೆ ಕೀಳದೆ ಅರ್ಧ ನಿಮಿಷ ಬಿಟ್ಟು ಅಂಕಿ ನೋಡಿ. ಒಂದೋ ಎರಡೋ ಇಳಿದಿದ್ದರೆ ಇನ್ನೊಮ್ಮೆ ಗುಂಡಿ ಒತ್ತಿ. ಒಂದೇ ಸಮನೆ ಎಷ್ಟು ನಿಮಿಷ ಓಡಿಸಬಹುದೆಂದು ಪಂಪಿನ ಮೇಲೆಯೋ ಕೈಪಿಡಿಯಲ್ಲೋ ಬರೆದಿರುತ್ತದೆ. ಎರಡು ಟೈರು ತುಂಬಿದ ಮೇಲೆ ಲೋಹದ ಸಿಲಿಂಡರ್ ಮುಟ್ಟಲಾಗದಷ್ಟು ಬಿಸಿಯಾಗಿರುತ್ತದೆ, ತಣಿಯಲು ಬಿಟ್ಟು ಉಳಿದೆರಡಕ್ಕೆ ಹೋಗಿ.